ಕಪಾಟಿನೊಳಗೆ ಮಾಸ್ಟ್ರು, ಮೊದಲ ಸಾಲಿನಲ್ಲಿ ಅಕ್ಕ

ದುಬೈಯಲ್ಲಿ ಕನ್ನಡ ನಾಟಕ ಆಡುವವರು ಹಾಸ್ಯ ಪ್ರಸಂಗಗಳನ್ನು ತಲೆ ಕೆರೆದುಕೊಂಡು ಬರೆಯಬೇಕಾಗಿಲ್ಲ. ನಾಟಕ ಸಿದ್ಧವಾಗುವುದರೊಳಗೆ ಅದಕ್ಕಿಂತ ಹೆಚ್ಚು ನಗಿಸುವ ಸಂಗತಿಗಳು ನಮ್ಮ ನಡುವೆಯೇ ನಡೆದುಹೋಗಿರುತ್ತವೆ. ನಾನು ಬರ್ ದುಬೈಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಬಾಯಿ ತೆರೆಯಲು ಹೆದರುವವರನ್ನು ವಾರವಿಡೀ ನೋಡಿ ಸಾಕಾಗಿ, ರಜೆಯ ದಿನವಾದರೂ ಬಾಯಿ ತುಂಬ ನಗುವವರನ್ನು ನೋಡೋಣ ಎಂದು ನಾಟಕ ತಂಡ ಸೇರಿದವಳು.

ನಮ್ಮ ತಂಡದ ನಿರ್ದೇಶಕರನ್ನು ಎಲ್ಲರೂ ಕರೆಯುವುದು ಮಾಸ್ಟ್ರು ಎಂದು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಮಂಗಳೂರು ಕಡೆಯಿಂದ ಬಂದು ಒಂದು ಹೋಟೆಲಿನ ಲಾಂಡ್ರಿಯ ಮುಖ್ಯಸ್ಥರಾದವರು. ಈ ವರ್ಷ ಅವರ ಕೆಲಸ ಖಲಾಸ್. ವೀಸಾ ಕ್ಯಾನ್ಸಲ್ ಮಾಡಿಸಿ, ಸಾಮಾನು ಕಾರ್ಗೋಗೆ ಹಾಕಿ, ಹೆಂಡತಿಯೊಂದಿಗೆ ಊರಿಗೆ ಹೊರಡುವ ಮುಂಚೆ ಕೊನೆಯದೊಂದು ನಾಟಕ ಆಡಿಸಬೇಕೆಂದು ಹೊರಟರು. ಅದರ ಹಿಂದೆ ಅವರಿಗಿದ್ದದ್ದು ಒಂದೇ ಆಸೆ. ಅಕ್ಕ ಒಮ್ಮೆ ನಗಬೇಕು.

ಅಕ್ಕ ಎಂದರೆ ಮಾಸ್ಟ್ರ ಹೆಂಡತಿ. ಇವರು ಇಲ್ಲಿ ಆಡಿಸಿದ ಎಲ್ಲ ಹಾಸ್ಯ ನಾಟಕಗಳನ್ನೂ ಮೊದಲ ಸಾಲಿನಲ್ಲಿ ಕೂತು ನೋಡಿದ್ದಾರೆ. ಒಂದಕ್ಕೂ ನಕ್ಕವರಲ್ಲ. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡಿರುವಾಗಲೂ ರಕ್ತ ಪರೀಕ್ಷೆಯ ರಿಪೋರ್ಟಿಗೆ ಕಾಯುವವರ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಾರೆ.

ಕಾಯುತ್ತಿರುವ ನಟರು

ಮಾಸ್ಟ್ರಿಗೆ ಹಾಸ್ಯದ ಹುಚ್ಚು ಹಿಡಿಸಿದ್ದು ಒಬ್ಬ ಬ್ರಿಟಿಷ್ ಮ್ಯಾನೇಜರ್. ಆತ ಹೋಟೆಲು ಬಿಟ್ಟು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ವಿಡಿಯೋ ಕ್ಯಾಸೆಟ್ಟುಗಳನ್ನು ಇವರಿಗೆ ಕೊಟ್ಟುಹೋದನಂತೆ. ಎಲ್ಲವೂ ಸಾವಿರದ ಒಂಬೈನೂರ ಮೂವತ್ತರ ದಶಕದ ಬ್ರಿಟಿಷ್ ಹಾಸ್ಯ ಸಿನಿಮಾಗಳು, ಕಪ್ಪು ಬಿಳುಪು. ಅವುಗಳ ಚರಿತ್ರೆ ಹೇಳಲು ಶುರುಮಾಡಿದರೆ ಮಾಸ್ಟ್ರು ಊಟ ಮರೆಯುತ್ತಾರೆ.

"ಇದೆಲ್ಲ ಮೊದಲು ಲಂಡನ್ನಿನಲ್ಲಿ ನಾಟಕ," ಎನ್ನುತ್ತಿದ್ದರು. "ತಿಂಗಳುಗಟ್ಟಲೆ ಹೌಸ್‌ಫುಲ್. ಸಿನಿಮಾಕ್ಕೆ ಮಾತು ಬಂತು ನೋಡಿ, ಅದೇ ನಟರನ್ನು ಕರಕೊಂಡು ಹೋಗಿ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಕ್ಯಾಮೆರಾವೂ ಟಿಕೆಟ್ ತಗೊಂಡು ಬಂದವನ ಹಾಗೆ ಕೂತಲ್ಲಿಂದ ಏಳುವುದಿಲ್ಲ."

ಆ ಸಿನಿಮಾಗಳಲ್ಲಿ ಒಂದು ದೊಡ್ಡ ಮನೆ, ಅದಕ್ಕೆ ಬೇಕಾದಷ್ಟು ಬಾಗಿಲು. ಒಬ್ಬ ಒಳಗೆ ಬರುವಷ್ಟರಲ್ಲಿ ಇನ್ನೊಬ್ಬ ಬೇರೆ ಬಾಗಿಲಿನಿಂದ ಮಾಯ. ಒಂಟಿ ಗಾಜಿನ ಕನ್ನಡಕದ ಒಬ್ಬ ಪೆದ್ದ ಶ್ರೀಮಂತ, ಒಬ್ಬ ಕಿಲಾಡಿ ಗೆಳೆಯ, ಹೆಂಡತಿಗೆ ಹೆದರುವ ಒಬ್ಬ ಬೋಳುತಲೆಯವ. ಆದರೆ ಮಾಸ್ಟ್ರ ಮನಸ್ಸಿಗೆ ನಾಟಿದ್ದು ಬೇರೆಯೇ ಒಂದು ವಿಷಯ. ನಾಟಕದ ಅಭ್ಯಾಸದಿಂದ ಆ ನಟರು ತಮಾಷೆಯ ಮಾತು ಹೇಳಿದ ಮೇಲೆ ಸಿನಿಮಾದಲ್ಲೂ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರಂತೆ, ಜನ ನಕ್ಕು ಮುಗಿಸಲಿ ಎಂದು. ಸ್ಟುಡಿಯೋದಲ್ಲಿ ನಗುವವರು ಯಾರೂ ಇಲ್ಲ.

"ಇನ್ನೂ ಕಾಯುತ್ತಾ ನಿಂತಿದ್ದಾರೆ ಪಾಪ. ನಾವು ನಗದಿದ್ದರೆ ಹೇಗೆ?" ಎನ್ನುವ ಮಾಸ್ಟ್ರು, ಅವರು ನಿಂತಲ್ಲೆಲ್ಲ ಟೀವಿಯ ಮುಂದೆ ಒಬ್ಬರೇ ಗಟ್ಟಿಯಾಗಿ ನಗುತ್ತಾರೆ.

ಅಡುಗೆಮನೆಯಿಂದ ಅಕ್ಕ ನನಗೆ ಹೇಳಿದರು, "ತೀರಿಹೋದವರನ್ನು ಕಾಯಿಸಬಾರದಂತೆ ಇವರಿಗೆ. ಬದುಕಿರುವವಳು ಊಟಕ್ಕೆ ಎಷ್ಟು ಹೊತ್ತು ಕಾದರೂ ಅಡ್ಡಿಯಿಲ್ಲ."

ಮಂಚದ ಕೆಳಗೆ

ಆ ಸಿನಿಮಾಗಳಲ್ಲೊಂದನ್ನು ಕನ್ನಡಕ್ಕೆ ಒಗ್ಗಿಸಿ ನಾಟಕ ಮಾಡುವುದೆಂದು ತೀರ್ಮಾನವಾಯಿತು. ನಮ್ಮ ಜನರಿಗೆ ಹಿಡಿಸುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷೆ ಮಾಡಬೇಕಲ್ಲ, ಮುಹೈಸ್ನಾದಲ್ಲಿ ಕಾರ್ಮಿಕರ ವಸತಿಯಲ್ಲಿದ್ದ ನಮ್ಮ ಊರ ಕಡೆಯವರಿಗೆ ಸಿನಿಮಾ ತೋರಿಸಲು ಹೋದೆವು. ಪ್ರೊಜೆಕ್ಟರಿನ ಪರದೆಗೆಂದು ಮಾಸ್ಟ್ರು ಮನೆಯ ಬಿಳಿ ಬೆಡ್‌ಶೀಟಿಗೆ ಒಂದು ಸುಕ್ಕಿಲ್ಲದ ಹಾಗೆ ಇಸ್ತ್ರಿ ಹಾಕಿ ತಂದಿದ್ದರು. ಲಾಂಡ್ರಿಯವರ ಪರದೆ ಎಂದರೆ ಸಾಮಾನ್ಯವೇ?

ಇಂಗ್ಲಿಷ್ ಅರ್ಥವಾಗಲಿಕ್ಕಿಲ್ಲ ಎಂದು ಮಾಸ್ಟ್ರು ಪರದೆಯ ಪಕ್ಕ ನಿಂತು, ಈಗ ಇವನು ಬರುತ್ತಾನೆ, ಈಗ ಇವಳು ಹೆದರುತ್ತಾಳೆ ಎಂದು ಕನ್ನಡದಲ್ಲಿ ವಿವರಿಸತೊಡಗಿದರು. ಒಬ್ಬರು ಎದ್ದು ಬಂದು ಕುರ್ಚಿ ಕೊಟ್ಟು, "ಸರ್, ನೀವು ಕೂತುಕೊಳ್ಳಿ. ಹೆದರುವುದು ನಮಗೆ ಯಾವ ಭಾಷೆಯಲ್ಲಾದರೂ ಗೊತ್ತಾಗ್ತದೆ," ಎಂದರು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ನಾಯಕ ಮಂಚದ ಕೆಳಗೆ ಅಡಗಿಕೊಳ್ಳುವ ಜಾಗದಲ್ಲಿ, ಅಂದರೆ ಎಲ್ಲಕ್ಕಿಂತ ತಮಾಷೆಯ ಜಾಗದಲ್ಲಿ, ಒಬ್ಬರೂ ನಗಲಿಲ್ಲ.

ಸಿನಿಮಾ ಮುಗಿದ ಮೇಲೆ ಮಾಸ್ಟ್ರು ಕಾರಣ ಕೇಳಿದರು. ಕುರ್ಚಿ ಕೊಟ್ಟವರೇ ಸಂಕೋಚದಿಂದ ಉತ್ತರಿಸಿದರು, "ಅಲ್ಲ ಸರ್, ಅವನಿಗೆ ಮಂಚದ ಕೆಳಗೆ ಜಾಗ ಹೇಗೆ ಸಿಕ್ಕಿತು? ಊರಿಗೆ ಕೊಂಡೊಯ್ಯುವ ಪೆಟ್ಟಿಗೆಯೆಲ್ಲ ಎಲ್ಲಿ ಇಟ್ಟಿದ್ದಾರೆ ಅಂತ ನಾವು ಆಗಿನಿಂದ ಹುಡುಕ್ತಾ ಇದ್ದೇವೆ."

ಮರುದಿನವೇ ನಮ್ಮ ನಾಟಕದಲ್ಲಿ ಮಂಚ ಹೋಗಿ ಕಪಾಟು ಬಂತು.

ಒಂಟಿ ಗಾಜು

ನಾಟಕದಲ್ಲಿ ನನ್ನ ಗಂಡನ ಪಾತ್ರ ಬಾಗಲಕೋಟೆಯ ಒಬ್ಬ ಎಂಜಿನಿಯರರದು. ಆರಡಿ ಆಳು, ಕಾಮಗಾರಿಯ ಸೈಟಿನಲ್ಲಿ ಕೂಗಿ ಕೂಗಿ ಪಳಗಿದ ದನಿ. ಅವರಿಗೂ ಒಂಟಿ ಗಾಜಿನ ಕನ್ನಡಕ ಬೇಕೆಂದು ಮಾಸ್ಟ್ರು ಹಟ ಹಿಡಿದು ಬರ್ ದುಬೈಯ ಒಂದು ಕನ್ನಡಕದ ಅಂಗಡಿಗೆ ಹೋದರು.

ಅಂಗಡಿಯವನು ಯಾವ ಕಣ್ಣಿಗೆ ತೊಂದರೆ ಎಂದು ಕೇಳಿದ. ಯಾವ ಕಣ್ಣಿಗೂ ಇಲ್ಲ, ಇದು ನಗಿಸುವುದಕ್ಕೆ ಎಂದರು ಮಾಸ್ಟ್ರು. ಅವನಿಗೆ ಇದು ಸರಿಯೆನಿಸಲಿಲ್ಲ. ಕೈಹಿಡಿದು ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಿಸಿದ. ದೊಡ್ಡ ಅಕ್ಷರದ ಕೆಳಗೆ ಇನ್ನೂ ಅಕ್ಷರಗಳಿವೆ ಎಂಬುದೇ ಮಾಸ್ಟ್ರಿಗೆ ಗೊತ್ತಿರಲಿಲ್ಲವಂತೆ. ಒಂದು ಗಾಜು ತರಲು ಹೋದವರು ಎರಡು ದಪ್ಪ ಗಾಜು ಮೂಗಿನ ಮೇಲೆ ಕೂರಿಸಿಕೊಂಡು, ನಾವು ರಿಹರ್ಸಲ್ಲಿಗೆ ಸೇರಿದ್ದ ತಮ್ಮ ಫ್ಲಾಟಿಗೆ ಬಂದರು.

ಅಕ್ಕನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಎಂಜಿನಿಯರರು ಗಂಭೀರವಾಗಿ, "ಅಲ್ಲರೀ ಮಾಸ್ತರ, ಇಷ್ಟು ವರ್ಷ ವೈನಿ ನಕ್ಕಿದ್ದ ನಿಮಗ ಕಂಡಿಲ್ಲೇನೋ," ಎಂದರು.

ಮಾಸ್ಟ್ರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಕೂಡಲೇ ನಮ್ಮನ್ನೆಲ್ಲ ನಿಲ್ಲಿಸಿ ನಾಟಕದ ಅತ್ಯಂತ ತಮಾಷೆಯ ದೃಶ್ಯ ಆಡಿಸಿದರು. ಅಕ್ಕ ಸೋಫಾದಲ್ಲಿ ಬೀನ್ಸ್ ಹೆಚ್ಚುತ್ತಾ ನೋಡಿದರು. ಮಾಸ್ಟ್ರು ಕನ್ನಡಕ ಒರೆಸಿ ಹಾಕಿಕೊಂಡು, ಹತ್ತಿರ ಹೋಗಿ, ಬಗ್ಗಿ ಅವರ ಮುಖ ಪರೀಕ್ಷಿಸಿದರು.

"ಹೌದು, ಈಗ ಸ್ಪಷ್ಟ ಕಾಣ್ತದೆ," ಎಂದರು. "ನಗುತ್ತಾ ಇಲ್ಲ."

ಶನಿವಾರದ ಗಂಡ

ರಿಹರ್ಸಲ್ ನಡೆಯುತ್ತಿದ್ದದ್ದು ಮಾಸ್ಟ್ರ ಫ್ಲಾಟಿನಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ. ಎಂಜಿನಿಯರರು ಕೋಣೆಯ ಬಾಗಿಲು ಬಡಿದು, "ಒಳಗ ಯಾರದಾರ, ಹೊರಗ ಬಾ," ಎಂದು ಅಬ್ಬರಿಸುವುದು, ನಾನು ಅಡ್ಡ ನಿಂತು ಅಳುವುದು. ಒಂದು ಶನಿವಾರ ಕಟ್ಟಡದ ವಾಚ್‌ಮನ್ ಏದುಸಿರು ಬಿಡುತ್ತಾ ಮೇಲೆ ಬಂದ. ಬಾಗಿಲು ತೆರೆದ ಅಕ್ಕ ತಮಗೆ ಬರುವ ಹರಕು ಹಿಂದಿಯಲ್ಲಿ ಅವನನ್ನು ಸಮಾಧಾನ ಮಾಡಿದರು. ಏನಿಲ್ಲ, ಗಾಬರಿಯಾಗಬೇಡ, ಇದು ಪ್ರತಿ ಶನಿವಾರ ಇದ್ದದ್ದೇ ಎಂದರು.

ಅಂದಿನಿಂದ ವಾಚ್‌ಮನ್ ನನ್ನನ್ನು ಕಂಡರೆ ಕಣ್ಣಲ್ಲಿ ನೀರು ತುಂಬಿಕೊಳ್ಳುವುದೊಂದೇ ಬಾಕಿ. ನನಗಾಗಿ ಲಿಫ್ಟ್ ಹಿಡಿದು ನಿಲ್ಲಿಸುತ್ತಿದ್ದ. ಎಂಜಿನಿಯರರಿಗೆ ಮಾತ್ರ ಸಲಾಮು ಇಲ್ಲ.

ಮುಂದಿನ ಶನಿವಾರ ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ನನ್ನ ಯಜಮಾನರು ಬಂದರು. ಅಂದರೆ ನಿಜವಾದವರು, ಚರ್ಚಿನಲ್ಲಿ ಮದುವೆಯಾದವರು. ಕೆಳಗೆ ನಿಂತು ವಾಚ್‌ಮನ್ನಿನ ಹತ್ತಿರ ನನ್ನ ಗುರುತು ಹೇಳಿ, ಆಕೆ ಮೇಲಿದ್ದಾಳೆಯೇ ಎಂದು ಕೇಳಿದ್ದಾರೆ. ವಾಚ್‌ಮನ್ ಅತ್ತಿತ್ತ ನೋಡಿ, ಇವರ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದನಂತೆ, "ಭಾಯಿ, ಈಗ ಹೋಗಬೇಡ. ಆಕೆಯ ಗಂಡ ಮೇಲಿದ್ದಾನೆ."

ಅಕ್ಕನ ಕಾರಣ

ನಾಟಕ ಹತ್ತಿರ ಬಂದ ಹಾಗೆ ಮಾಸ್ಟ್ರ ಊಟ ಕಡಿಮೆಯಾಯಿತು. ಅವಳು ಈ ಸಲವೂ ನಗದಿದ್ದರೆ ಇಷ್ಟು ವರ್ಷ ನಾನು ಎಂತ ಮಾಡಿದ್ದು ಎಂದು ಒಮ್ಮೆ ನನ್ನ ಹತ್ತಿರ ಕೇಳಿದರು. ನಾನು ಅಡುಗೆಮನೆಗೆ ಹೋಗಿ ಅಕ್ಕನನ್ನೇ ಕೇಳಿಬಿಟ್ಟೆ.

"ನಗು ಬರುವುದಿಲ್ಲ ಅಂತ ಅಲ್ಲ ಮಾರಾಯ್ತಿ," ಎಂದರು ಅಕ್ಕ. "ನೀವೆಲ್ಲ ಸ್ಟೇಜಿನಲ್ಲಿ ಕುಣಿಯುವಾಗ ಅವರು ಪಕ್ಕದ ಪರದೆಯ ಹಿಂದೆ ನಿಂತಿರ್ತಾರೆ. ನನಗೆ ಮೊದಲ ಸಾಲಿನಿಂದ ಕಾಣ್ತದೆ. ಯಾರು ಎಲ್ಲಿ ಮಾತು ಮರೀತಾರೋ ಅಂತ ಬೆವರು ಒರೆಸಿಕೊಳ್ತಾ ಇರ್ತಾರೆ. ಆ ಮುಖ ನೋಡಿಕೊಂಡು ನಾನು ಹೇಗೆ ನಗುವುದು?"

"ಹಾಗಾದರೆ ಅವರಿಗೆ ಹೇಳಿಬಿಡಿ ಅಕ್ಕ."

"ನೀನೂ ಹೇಳಬೇಡ. ಹೇಳಿದರೆ ಕಾಣದ ಹಾಗೆ ಎಲ್ಲಾದರೂ ನಿಲ್ತಾರೆ. ಮತ್ತೆ ನಾನು ಅಷ್ಟು ಹೊತ್ತು ನಿಮ್ಮ ನಾಟಕ ನೋಡಬೇಕಾ?"

ಕೊನೆಯ ಆಟ

ನಾಟಕದ ದಿನ ಸಂಜೆ, ಕಪಾಟಿನಲ್ಲಿ ಅಡಗುವ ಪಾತ್ರದ ಹುಡುಗನಿಂದ ಫೋನು ಬಂತು. ಅವನು ಅಬುಧಾಬಿಯಲ್ಲಿ ನರ್ಸ್, ಇರುವುದು ಅಲ್ಲಿಯ ಖಾಲಿದಿಯಾದಲ್ಲಿ. ಡ್ಯೂಟಿ ಬದಲಾಗಿದೆ, ಬರಲಾಗುವುದಿಲ್ಲ ಎಂದ. ಆ ಪಾತ್ರದ ಮಾತುಗಳು ಬರುತ್ತಿದ್ದದ್ದು ಇನ್ನೊಬ್ಬರಿಗೆ ಮಾತ್ರ. ಜೀವನದಲ್ಲಿ ಒಮ್ಮೆಯೂ ಬಣ್ಣ ಹಚ್ಚದ ಮಾಸ್ಟ್ರು ಮುಖಕ್ಕೆ ಪೌಡರ್ ಬಳಿದುಕೊಂಡರು.

ಕಥೆ ಇಷ್ಟೇ. ಪಕ್ಕದ ಮನೆಯ ಸಾಧು ಮನುಷ್ಯ ಫ್ಲಾಸ್ಕ್ ವಾಪಸು ಕೊಡಲು ನಮ್ಮ ಮನೆಗೆ ಬರುತ್ತಾನೆ. ಅಷ್ಟರಲ್ಲಿ ನನ್ನ ಅನುಮಾನದ ಗಂಡ ಬರುತ್ತಾನೆ. ಸಾಧು ಹೆದರಿ ಕಪಾಟು ಸೇರುತ್ತಾನೆ. ಒಳಗೆ ಒಬ್ಬನಿದ್ದಾನೆಂದು ಗಂಡನಿಗೆ ಕೊನೆಯವರೆಗೂ ಗೊತ್ತಾಗಬಾರದು, ನಾಟಕ ನಿಂತಿರುವುದೇ ಅದರ ಮೇಲೆ.

ಮಾಸ್ಟ್ರು ಫ್ಲಾಸ್ಕ್ ಹಿಡಿದು ಬಂದರು. ರಂಗದ ಮೇಲೆ ನಮ್ಮ ಮನೆಯ ಬಾಗಿಲು, ಅದರ ಹೊರಗೆ ಸ್ವಲ್ಪ ವರಾಂಡ. ಬಾಗಿಲ ಹತ್ತಿರ ಬಂದವರೇ ಚಪ್ಪಲಿ ಕಳಚಿ, ಕಾಲಿನಿಂದಲೇ ಜೋಡಿಸಿ ಗೋಡೆ ಬದಿಗೆ ಇಟ್ಟು ಒಳಗೆ ಬಂದರು. ಇನ್ನು ಗಂಡ ಬಂದರೆ ಮೊದಲು ಕಾಣುವುದೇ ಆ ಚಪ್ಪಲಿ. ಇಂಗ್ಲಿಷರ ನಾಟಕದಲ್ಲಿ ಬೂಟು ಹಾಕಿಕೊಂಡೇ ಮಲಗುವ ಕೋಣೆಯವರೆಗೆ ಹೋಗುತ್ತಾರೆ, ಅವರಿಗೆ ಈ ತೊಂದರೆ ಇಲ್ಲ. ರಿಹರ್ಸಲ್ ನಡೆದದ್ದು ಫ್ಲಾಟಿನೊಳಗೆ, ಬರಿಗಾಲಿನಲ್ಲಿ. ಪಾದರಕ್ಷೆಯ ವಿಚಾರ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮಾಸ್ಟ್ರು ಕಪಾಟು ಸೇರಿದರು. ಎಂಜಿನಿಯರರು ವರಾಂಡಕ್ಕೆ ಬಂದರು. ಅವರೂ ನಮ್ಮವರೇ ಅಲ್ಲವೇ? ಬಗ್ಗಿ ನಿಧಾನವಾಗಿ ಲೇಸು ಬಿಚ್ಚಿ ಬೂಟು ತೆಗೆದರು, ಮಾಸ್ಟ್ರ ಚಪ್ಪಲಿಯ ಪಕ್ಕದಲ್ಲಿ ಇಡಲು ಹೋದರು, ಹಾಗೇ ನಿಂತುಬಿಟ್ಟರು. ಹಾಲಿನಲ್ಲಿ ಕಿಸಕ್ಕನೆ ನಗು. ಕಂಡರೂ ಕಾಣದ ಹಾಗೆ ಒಳಗೆ ಬಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಒಂದು ಚಪ್ಪಲಿ ಎತ್ತಿಕೊಂಡೇ ಒಳಗೆ ಬಂದರು.

"ಇದು ಯಾರ್ದು?"

ಇದು ನಾಟಕದಲ್ಲಿಲ್ಲದ ಮಾತು. "ನಿಮ್ಮದೇ ಅಲ್ವಾ?" ಎಂದೆ.

"ನಂದು ಹನ್ನೊಂದು ನಂಬರ್ ಕಾಲು. ಇದು ಏಳು. ಯಾರ್ದು ಅಂತ ಕೇಳಾಕತ್ತೀನಿ."

ನನಗೆ ಮುಂದೆ ಮಾತೇ ಹೊರಡಲಿಲ್ಲ. ಎಂಜಿನಿಯರರಿಗೂ ಹೊರಡಲಿಲ್ಲ. ಚಪ್ಪಲಿ ಎತ್ತಿ ಹಿಡಿದು ಅವರು, ಬಾಯಿ ತೆರೆದುಕೊಂಡು ನಾನು. ಮಾಸ್ಟ್ರ ಕೊನೆಯ ನಾಟಕ ಅಲ್ಲಿಗೇ ಖಲಾಸ್ ಎಂದುಕೊಂಡೆ.

ಆಗ ಮೊದಲ ಸಾಲಿನಿಂದ ಅಕ್ಕ ಎದ್ದು ನಿಂತರು. ನಮ್ಮ ಪರದಾಟ ಅವರಿಂದ ನೋಡಲಾಗಲಿಲ್ಲ. "ಅದು ನಮ್ಮವರದ್ದು ಮಾರಾಯ," ಎಂದರು. "ಊರಿಗೆ ಹೋಗುವುದಕ್ಕೆ ಅಂತ ನಿನ್ನೆಯಷ್ಟೇ ತಗೊಂಡದ್ದು. ಎಲ್ಲಿಗಾದರೂ ಬಿಸಾಡಬೇಡ."

ಎಂಜಿನಿಯರರು ಪಾತ್ರ ಬಿಡದೆ, ಚಪ್ಪಲಿಯನ್ನೂ ಬಿಡದೆ, ರಂಗದ ಅಂಚಿಗೆ ಬಂದು ಕೇಳಿದರು, "ಅಲ್ಲರೀ ವೈನಿ, ನಿಮ್ಮವರು ನಮ್ಮ ಮನಿಯಾಗ ಏನ್ ಮಾಡಾಕತ್ತಾರ?"

ಇಡೀ ಹಾಲ್ ಬಿದ್ದು ಬಿದ್ದು ನಗತೊಡಗಿತು. ಅಕ್ಕ ನಿಂತೇ ಇದ್ದರು. ತಾವು ಹೇಳಿದ್ದೇನು ಎಂಬುದು ನಿಧಾನವಾಗಿ ಅವರಿಗೆ ಹೊಳೆಯುತ್ತಿದ್ದದ್ದು ನನಗೆ ಮೇಲಿನಿಂದ ಕಾಣುತ್ತಿತ್ತು. ಮೊದಲು ಭುಜ ಅಲುಗಿತು. ಆಮೇಲೆ ಸೆರಗು ಬಾಯಿಗೆ ಹೋಯಿತು. ಆಮೇಲೆ ಸೆರಗಿನಿಂದಲೂ ಆಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, ಪಕ್ಕದವರ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಅಕ್ಕ ನಕ್ಕರು. ತೆಳ್ಳಗಿನ, ಚಿಕ್ಕ ಹುಡುಗಿಯರ ನಗು ಅದು. ಅಷ್ಟು ಜನರ ಗದ್ದಲದಲ್ಲೂ ಬೇರೆಯಾಗಿ ಕೇಳಿಸುತ್ತಿತ್ತು.

ಕಪಾಟಿನ ಬಾಗಿಲು ತೆರೆಯಿತು. ಅಂಕ ಮುಗಿಯುವವರೆಗೆ ಕಪಾಟಿನೊಳಗಿನವನು ಉಸಿರು ಬಿಡಬಾರದೆಂದು ನಮಗೆಲ್ಲ ಕಲಿಸಿದ ಮಾಸ್ಟ್ರು ಬರಿಗಾಲಿನಲ್ಲಿ ಹೊರಗೆ ಬಂದು, ನನ್ನನ್ನು ದಾಟಿ, ಎಂಜಿನಿಯರರನ್ನು ದಾಟಿ, ರಂಗದ ಅಂಚಿನಲ್ಲಿ ನಿಂತು ಅಕ್ಕನನ್ನೇ ನೋಡತೊಡಗಿದರು. ಎಂಜಿನಿಯರರಿಗೆ ಏನು ಮಾಡಬೇಕೆಂದು ತೋಚದೆ, ಕೊನೆಗೆ ಗಂಡನ ಪಾತ್ರಕ್ಕೆ ಮರ್ಯಾದೆ ಕೊಟ್ಟು ಮಾಸ್ಟ್ರ ಕೊರಳಪಟ್ಟಿಗೆ ಕೈ ಹಾಕಿದರು.

ಮಾಸ್ಟ್ರು ತಿರುಗಿ ನೋಡದೆ, ಕೈ ಮಾತ್ರ ಎತ್ತಿ ಹೇಳಿದರು, "ಒಂದು ನಿಮಿಷ ನಿಲ್ಲು ಮಾರಾಯ, ಆಮೇಲೆ ಎಷ್ಟು ಬೇಕಾದರೂ ಹೊಡಿ. ಅವಳು ನಗುತ್ತಾ ಇದ್ದಾಳೆ."