ಮಾವನ ಪಿಟೀಲಿಗೆ ಅಳಿಯನ ಅಂಟು

ಕುಕ್ಕುಂದೂರಿನ ಆಲ್ಫೋನ್ಸರು ಹಳೆಯ ಪಿಟೀಲುಗಳಿಗೆ ಮರುಜನ್ಮ ಕೊಡುವ ಮಹಾವೈದ್ಯರು! ಹಾಗೆಂದು ಹೇಳುತ್ತಿದ್ದವರು ಅವರೊಬ್ಬರೇ ಎಂಬುದು ಬೇರೆ ಮಾತು. ಗಲ್ಫಿನ ಕೆಲಸ ಬಿಟ್ಟು ಬಂದ ಮೇಲೆ ಹತ್ತಿದ ಹುಚ್ಚು ಅದು. ಅಜೆಕಾರಿನ ಮಾವ ಜೋನ್ ಅವರ ಪಿಟೀಲಿನ ಅಂಚು ಬಾಯಿ ಬಿಟ್ಟಿದೆ ಎಂದು ತಿಳಿದದ್ದೇ ತಡ, ಎದೆ ತಟ್ಟಿಕೊಂಡರು.

“ಮಾವ, ಮೊಂತಿ ಹಬ್ಬದ ಹೊಸ ಅಕ್ಕಿ ಊಟಕ್ಕೆ ನಮ್ಮಲ್ಲಿಗೆ ಬನ್ನಿ. ರಿಪೇರಿ ನನ್ನದು, ಊಟಕ್ಕೆ ಮೊದಲು ಒಂದು ಕೀರ್ತನೆ ನಿಮ್ಮದು!”

ಇಗರ್ಜಿಯ ಪೂಜೆಗಳಲ್ಲಿ ಆಯುಷ್ಯವಿಡೀ ನುಡಿಸಿದ ಪಿಟೀಲು. ಮಗಳನ್ನು ಧಾರೆ ಎರೆದಷ್ಟು ಸುಲಭವಾಗಿ ಮಾವ ಅದನ್ನು ಕೊಡಲಿಲ್ಲ. “ಹಾಳು ಮಾಡಿದರೆ ನಾನು ಹಬ್ಬದ ಊಟಕ್ಕೆ ಕೂರುವುದಿಲ್ಲ” ಎಂದೇ ಕೊಟ್ಟರು.

ಪಿಟೀಲಿಗೆ ಪೇಟೆಯ ಗೋಂದು ಆಗದು. ಪ್ರಾಣಿಯ ಚರ್ಮದ ಅಂಟೇ ಬೇಕು, ಅದನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಹಬ್ಬದ ಹಿಂದಿನ ದಿನ ಆಲ್ಫೋನ್ಸರು ಪಾತ್ರೆ ಹಿಡಿದು ಅಡುಗೆಮನೆಗೆ ನುಗ್ಗಿದರು.

“ಎಂತ ಅದು, ಇಷ್ಟು ವಾಸನೆ?” ಹೆಂಡತಿ ಝೀಟಾ ಮೂಗು ಮುಚ್ಚಿದರು.

“ಚರ್ಮದ ಅಂಟು.”

“ಸಾಯ್ಬಾ, ದೇವರೇ! ನಾಳೆ ಮೀನು ಕೂಡ ಮನೆಯೊಳಗೆ ಬಾರದ ಹಬ್ಬ. ಪಾಯಸಕ್ಕೆ ಪಾಕ ಇಡಬೇಕಾದ ನನ್ನ ಒಲೆಯ ಮೇಲೆ ನೀವು ಚರ್ಮ ಬೇಯಿಸುವುದಾ?”

“ಒಂದೇ ನಿಮಿಷ ಮಾರಾಯ್ತಿ!”

ಅಷ್ಟರಲ್ಲಿ ಆಲ್ಫೋನ್ಸರಿಗೆ ಫೋನು ಬಂತು. ಮಾತು ಮುಗಿಸಿ ಬಂದವರೇ ಒಲೆಯ ಮೇಲಿದ್ದ ಕಂದು ಬಣ್ಣದ ಬಿಸಿ ದ್ರವವನ್ನು ಎತ್ತಿಕೊಂಡು ಹೋದರು. ಮಳೆಗಾಲದ ನೆಗಡಿಗೆ ಮೂಗು ಕಟ್ಟಿತ್ತು, ವಾಸನೆ ಎಲ್ಲಿಂದ ತಿಳಿಯಬೇಕು! ಮಾವನ ಪಿಟೀಲಲ್ಲವೇ, ಧಾರಾಳವಾಗಿ ಹಚ್ಚಿ, ಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರು. ಉಳಿದದ್ದನ್ನು ಹಿತ್ತಿಲಿಗೆ ಚೆಲ್ಲಿದರು.

ಮರುದಿನ ಬಾಳೆಲೆ ಹಾಕಿತ್ತು. ಹೊಸ ಅಕ್ಕಿಯ ಪ್ರಾರ್ಥನೆ ಮುಗಿಯಿತು. ಮಾವ ಪಿಟೀಲನ್ನು ಗಲ್ಲಕ್ಕಿಟ್ಟು ನುಡಿಸಿದರು. ಆಹಾ, ಎಂಥ ನಾದ! ಆಲ್ಫೋನ್ಸರು ಮೀಸೆ ತಿರುವುವಷ್ಟರಲ್ಲಿ ಮಾವನ ಬಿಳಿ ಗಡ್ಡದಲ್ಲಿ ಏನೋ ಹರಿದಾಡಿತು. ಇರುವೆ! ಪಿಟೀಲಿನ ಅಂಚಿನಿಂದ ಸಾಲಾಗಿ ಮೆರವಣಿಗೆ!

ಆಲ್ಫೋನ್ಸರು ಅಂಚಿಗೆ ಬೆರಳೊತ್ತಿ ನಾಲಿಗೆಗಿಟ್ಟರು. ಪಿಟೀಲಿಗೆ ಬೆಲ್ಲದ ಪಾಕ! ಹಾಗಾದರೆ ಚರ್ಮದ ಅಂಟು? ಝೀಟಾ ಎಲೆಗಳಿಗೆ ಪಾಯಸ ಬಡಿಸಿ ಆಗಿತ್ತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಇಡೀ ಕುಟುಂಬಕ್ಕೆ ಹಬ್ಬದ ದಿನವೇ ಚರ್ಮದ ಸೂಪು! ಮಾವ ಪಿಟೀಲು ಕೆಳಗಿಟ್ಟು ಎಲೆಯ ಮುಂದೆ ಕೂತು ಕೈ ನೀಡಿಯೇ ಬಿಟ್ಟರು.

“ಮುಟ್ಟಬೇಡಿ! ಪಾಯಸದಲ್ಲಿ ಅಂಟು ಉಂಟು! ಪಿಟೀಲಿಗೆ ಹಚ್ಚಿದ್ದು ಬೆಲ್ಲ!”

ಝೀಟಾ ಸೌಟು ಕೆಳಗಿಟ್ಟರು.

“ಆ ದರಿದ್ರ ಅಂಟನ್ನು ನಿನ್ನೆ ನೀವು ಫೋನಿಗೆ ಹೋದ ಕೂಡಲೇ ತೆಂಗಿನ ಬುಡಕ್ಕೆ ಚೆಲ್ಲಿ, ಒಲೆಯ ಮೇಲೆ ಪಾಕ ಇಟ್ಟಿದ್ದೆ,” ಎಂದರು. “ಬೆಲ್ಲದ ಪಾಕ ಕಾಣದಾದಾಗ, ಶುಗರ್ ಇದ್ದರೂ ನೀವೇ ಕದ್ದು ಕುಡಿದಿರಿ ಅಂದುಕೊಂಡು ಅಪ್ಪನ ಎದುರು ಸುಮ್ಮನಿದ್ದೆ. ಡಬ್ಬದಲ್ಲಿದ್ದ ಚೂರು ಬೆಲ್ಲದಲ್ಲೇ ಪಾಯಸ ಮಾಡಿದೆ!”

ಅಯ್ಯೋ! ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ! ಮಾವ ಎದ್ದು ಹೋಗುತ್ತಾರೆಂದು ಆಲ್ಫೋನ್ಸರು ತಲೆ ತಗ್ಗಿಸಿ ನಿಂತರು. ಮಾವ ಗಡ್ಡದ ಇರುವೆ ಕೊಡವಿ, ಪಾಯಸವನ್ನು ನಿಧಾನವಾಗಿ ಬಾಯಿಗಿಟ್ಟು ಚಪ್ಪರಿಸಿದರು.

“ಪಾಯಸ ಭಾರೀ ಸಪ್ಪೆ ಮಾರಾಯ. ನೆಂಚಿಕೊಳ್ಳಲಿಕ್ಕೆ ಆ ಪಿಟೀಲು ಸ್ವಲ್ಪ ಇತ್ತ ಕೊಡು!”