ಕಾಳವ್ವ ಮತ್ತು ಇತರರು

ಬರೀ ಒಂದು ಸಹಿ. ಅದೊಂದು ಸಹಿಗಾಗಿ ಡಾಕ್ಟರ್ ವೃಷಭ ಆ ದಿನ ಬೆಳಿಗ್ಗೆ ಚಹಾ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿ ಸದಲಗಾ ಕಡೆ ಹೊರಟ. ಹತ್ತು ನಿಮಿಷದ ಕೆಲಸ, ಊಟದ ಹೊತ್ತಿಗೆ ವಾಪಸ್ ಬಂದೇನು ಎಂದು ಹೆಂಡತಿಗೆ ಹೇಳಿ ಹೋದ. ಪಾಪ, ಅವನಿಗೇನು ಗೊತ್ತು!

ವೃಷಭ ನಿಪ್ಪಾಣಿ ಕಡೆಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ. ಒಂಬತ್ತು ವರ್ಷದಿಂದ ಸಹಾಯಕನೇ. ಮೇಲೇರಬೇಕೆಂದರೆ ಆಡಳಿತ ಮಂಡಳಿಯ ಹೊಸ ನಿಯಮವೊಂದು ಅಡ್ಡ ನಿಂತಿತ್ತು. ಮೊದಲ ಹೆಸರು ತನ್ನದೇ ಆಗಿರುವ ಒಂದು ಸಂಶೋಧನಾ ಪ್ರಬಂಧ ಇರಬೇಕು. ಅದನ್ನು ಲೋಕದ ಇತರ ಸಂಶೋಧಕರು ಕಡಿಮೆಯೆಂದರೂ ಹತ್ತು ಸಲ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿರಬೇಕು. ವೃಷಭನ ಖಾತೆಯಲ್ಲಿ ಮೂರು ಪ್ರಬಂಧಗಳಿದ್ದವು, ಉಲ್ಲೇಖಗಳು ಎರಡು. ಒಂದು ಅವನೇ ತನ್ನನ್ನು ಉಲ್ಲೇಖಿಸಿಕೊಂಡದ್ದು. ಇನ್ನೊಂದು ಹುಬ್ಬಳ್ಳಿಯ ಗೆಳೆಯನೊಬ್ಬ ಮದುವೆಯ ಮುಯ್ಯಿ ತೀರಿಸಿದಂತೆ ತೀರಿಸಿದ್ದು.

ಆದರೆ ಈ ನಾಲ್ಕನೆಯದು ಹಾಗಲ್ಲ. ತಂಬಾಕಿನ ಹೊಲದಲ್ಲಿ ಕುಡಿ ಚಿವುಟುವ ಹೆಂಗಸರು ತಲೆ ತಿರುಗಿ ವಾಂತಿ ಮಾಡಿಕೊಳ್ಳುವುದೇಕೆ ಎಂದು ಮೂರು ಹಂಗಾಮು ಹೊಲದ ಬದುವಿನ ಮೇಲೆ ಕೂತು ಬರೆದದ್ದು. ಮೂವತ್ತಾರು ಹೆಂಗಸರ ಮೂತ್ರ ಪರೀಕ್ಷೆ ಮಾಡಿಸಿದ್ದ. ಇಬ್ಬನಿ ಆರುವ ಮೊದಲೇ ಎಲೆ ಮುಟ್ಟಿದವರಿಗೆ ಬಾಧೆ, ಆರಿದ ಮೇಲೆ ಮುಟ್ಟಿದವರಿಗೆ ಬಹಳ ಕಡಿಮೆ. ಇಷ್ಟನ್ನು ಅಂಕಿ ಅಂಶ ಸಮೇತ ಹೇಳಿದ ಪ್ರಬಂಧ ಅದು. ವಿದೇಶದ ಪತ್ರಿಕೆಯೊಂದರ ವಿಶೇಷ ಸಂಚಿಕೆಗೆ ಅಂದು ಸಂಜೆ ಐದರೊಳಗೆ ಕಳಿಸಬೇಕಿತ್ತು. ಅದರಲ್ಲಿ ಕಾಳವ್ವ ಎಂಬ ಮುದುಕಿಯ ಕೈಗಳ ಫೋಟೋ ಇತ್ತು. ಆಕೆಯ ಒಪ್ಪಿಗೆ ಸಹಿ ಒಂದೇ ಬಾಕಿ.

ಕಾಳವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ವಯಸ್ಸು ಎಪ್ಪತ್ತಾರು. ಮಹಿಳಾ ಸಂಘದಲ್ಲಿ ಸಹಿ ಹಾಕುವುದನ್ನು ಕಲಿತ ಮೇಲೆ ಯಾವ ಕಾಗದಕ್ಕೂ ಸುಮ್ಮನೆ ಸಹಿ ಹಾಕಿದವಳಲ್ಲ.

"ಆಯಿ, ಇಲ್ಲೊಂದು ಸಹಿ ಹಾಕ್ರಿ. ನಿಮ್ಮ ಕೈ ಫೋಟೋ ಅಚ್ಚ ಆಗತೈತಿ."

"ಕೈ ಫೋಟೋ ಹಾಕ್ತಿ. ಹೆಸರ ಎಲ್ಲಿ ಹಾಕಿದಿ?"

"ಕಡೀಕ ಐತ್ರಿ. ಭಾಗವಹಿಸಿದ ಎಲ್ಲಾ ಮಹಿಳೆಯರಿಗೆ ಕೃತಜ್ಞತೆಗಳು ಅಂತ."

"ಅದರಾಗ ಕಾಳವ್ವ ಅಂತ ಎಲ್ಲೈತಿ?"

ಅಷ್ಟರಲ್ಲಿ ಎದುರು ಮನೆಯಿಂದ ಬಾಪುಸಾಹೇಬ ಮಾಸ್ತರು ಕನ್ನಡಕ ಏರಿಸುತ್ತ ಬಂದರು. ನಿವೃತ್ತರಾದ ಮೇಲೆ ಊರಿನ ಒಂದೇ ಒಂದು ಲಗ್ನಪತ್ರಿಕೆ ಅವರ ಕೈ ದಾಟದೆ ಪ್ರೆಸ್ಸಿಗೆ ಹೋದದ್ದಿಲ್ಲ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾವ ಮಾವನನ್ನು ಬಿಟ್ಟರೆ ಹಂದರದಲ್ಲಿ ಜಗಳ ಎದ್ದೀತು, ಎಲ್ಲ ಅವರಿಗೆ ಬಾಯಿಪಾಠ. ಪ್ರಬಂಧದ ಮೊದಲ ಪುಟ ಅವರ ಕೈಗೆ ಹೋಯಿತು.

"ಮೊದಲ ಹೆಸರ ವೃಷಭ. ಆತು. ಎರಡನೇದು ವಿರುಪಾಕ್ಷಪ್ಪ. ಇವರ್ಯಾರ್ರಿ?"

"ನಮ್ಮ ವಿಭಾಗದ ಮುಖ್ಯಸ್ಥರ್ರಿ ಸರ್."

"ಹೊಲಕ್ಕ ಬಂದಿದ್ರೇನು?"

"ಇಲ್ರಿ."

"ಬರದಾರೇನು?"

"ಅವರು... ಮುಖ್ಯಸ್ಥರ್ರಿ."

"ಹಂಗಂದ್ರ ವರನ ದೂರದ ಕಾಕಾ ಇದ್ದಂಗ. ಬರೂದಿಲ್ಲ, ದುಡಿಯೂದಿಲ್ಲ, ಹೆಸರ ಹಾಕ್ಲಿಲ್ಲಂದ್ರ ಸಿಟ್ಟಿಗೇಳ್ತಾರ. ಇರ್ಲಿ. ಇಬ್ಬನಿ ಆರೂತನಕ ಎಲಿ ಮುಟ್ಟಬಾರದು ಅನ್ನೂದು ನಿಮಗ ಯಾರು ಹೇಳಿದ್ರು?"

ವೃಷಭ ತಲೆ ತಗ್ಗಿಸಿದ. ಸುಳ್ಳು ಹೇಳಲು ಬರುವ ಮನುಷ್ಯನಾಗಿದ್ದರೆ ಒಂಬತ್ತು ವರ್ಷ ಸಹಾಯಕನಾಗಿ ಯಾಕೆ ಉಳಿಯುತ್ತಿದ್ದ? "ಕಾಳವ್ವ ಆಯಿ ಹೇಳಿದ್ದ್ರಿ. ಮೊದಲನೇ ದಿನಾನ ಹೇಳಿದ್ರು."

"ಎಲಾ ಇವನ!" ಎಂದರು ಮಾಸ್ತರು. "ಮದುಮಗಳನ್ನ ಬಿಟ್ಟು ಲಗ್ನಪತ್ರಿಕಾ ಅಚ್ಚ ಮಾಡಾಕ ಹೊಂಟೀರಿ?"

ಕಾಳವ್ವ ಪೆನ್ನು ಕೆಳಗಿಟ್ಟಳು. ಹೆಸರಿಲ್ಲದೆ ಸಹಿ ಇಲ್ಲ. ಆಗಲಿ ಆಯಿ, ನಿಮ್ಮದೊಂದು ಹೆಸರು ಸೇರಿಸುತ್ತೇನೆ ಎಂದ ವೃಷಭ. ಆ ಮಾತು ಓಣಿ ಸುತ್ತಿ ಬರಲು ಎಷ್ಟು ಹೊತ್ತು? ಕಾಲು ತಾಸಿನಲ್ಲಿ ಮೂವತ್ತೈದು ಹೆಂಗಸರು ಕಟ್ಟೆಯ ಮುಂದೆ ನಿಂತಿದ್ದರು.

"ನಾವೇನು ಪಾಪ ಮಾಡೇವ್ರಿ ಡಾಕ್ಟರ್ರ? ಬಾಟಲಿ ತುಂಬಿ ಕೊಟ್ಟವರು ನಾವಲ್ಲೇನು?" ಎಂದು ಮಂಗಲ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಹಿಂದಿನಿಂದ ಟಂಟಂ ಗಾಡಿಯ ಮೌಲಾಲಿ ಕೈ ಎತ್ತಿದ. "ತುಂಬಿದವರು ಅವರು. ಲ್ಯಾಬಿಗೆ ಹೊತ್ತಾವ ನಾನ್ರಿ. ಮೂರ ವರ್ಷ ಆತು, ನನ್ನ ಹೆಂಡ್ತಿ ಮಮತಾಜ ಇನ್ನೂ ನನ್ನ ಗಾಡಿ ಹತ್ತವಲ್ಲಳು."

ಹನ್ನೊಂದು ಗಂಟೆಯ ಹೊತ್ತಿಗೆ ವೃಷಭ ಸೋತ. ಎಲ್ಲರ ಹೆಸರೂ ಹಾಕೋಣ, ಮೊದಲ ಹೆಸರು ಮಾತ್ರ ನನ್ನದಿರಲಿ, ಉಳಿದದ್ದು ಅಕಾರಾದಿಯಾಗಿ ಎಂದು ಲ್ಯಾಪ್‌ಟಾಪ್ ತೆರೆದ. ಗಂಗಾಳ ಹೆಸರು ಮಂಗಲಳ ಹೆಸರಿಗಿಂತ ಮೇಲೆ ಬಂತು. ಗಂಗಾ ಮಂಗಲಳ ಸೊಸೆ.

"ಸೊಸಿ ಮ್ಯಾಲ, ಅತ್ತಿ ಕೆಳಗ? ಇದ ಯಾವ ಊರ ವಿದ್ಯಾರೀ?" ಎಂದು ಮಂಗಲ ಕೂಗಿದಳು. ಗಂಗಾ ಮಾತ್ರ ಪರದೆಯನ್ನು ಕಣ್ತುಂಬ ನೋಡಿ, "ಇರ್ಲಿ ಬಿಡ್ರಿ ಅತ್ತಿ, ಕಂಪ್ಯೂಟರ ತಿಳದ ಹಾಕಿರತೈತಿ" ಎಂದು ಬೆಂಕಿಗೆ ತುಪ್ಪ ಸುರಿದಳು.

ಬಾಪುಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಲಗ್ನಪತ್ರಿಕೆಯ ಪದ್ಧತಿ ಒಂದೇ: ಹಿರಿಯರು ಮೇಲೆ, ಕಿರಿಯರು ಕೆಳಗೆ. ಕೈ ಮುಗಿದು ಕರೆಯುವವನು ಎಲ್ಲರಿಗಿಂತ ಕೆಳಗೆ. ಅಂದರೆ ಮೊದಲ ಹೆಸರು ಕಾಳವ್ವ, ಕೊನೆಯದು ವೃಷಭ.

"ಸರ್, ಹಂಗ ಮಾಡಿದ್ರ ನನ್ನ ಬಡ್ತಿ ಹೋಗತೈತ್ರಿ," ಎಂದ ವೃಷಭ, ಅಳುವುದೊಂದು ಬಾಕಿ.

"ಕೈ ಮುಗದಾವ್ರು ಸಣ್ಣವರಾಗೂದಿಲ್ಲ ತಗೋರಿ," ಎಂದರು ಮಾಸ್ತರು.

ಆಮೇಲೆ ಆ ಊರು ಹಿಂದೆಂದೂ ಕಾಣದ ನೋಟವೊಂದು ಕಂಡಿತು. ಮದುವೆ ಮುಂಜಿಗಳಲ್ಲಿ ವಯಸ್ಸು ಕೇಳಿದರೆ ನಲವತ್ತು ದಾಟದ ಹೆಂಗಸರೆಲ್ಲ ಅರವತ್ತು, ಅರವತ್ತೈದು ಎಂದು ವಯಸ್ಸು ಏರಿಸತೊಡಗಿದರು. ಐವತ್ತೆರಡರ ಮಂಗಲ ತನಗೆ ಅರವತ್ತು ಎಂದಳು. ಆಧಾರ್ ಕಾರ್ಡ್ ತೋರಿಸಿದರೆ, ಅದರಾಗ ತಪ್ಪಾಗೇತಿ ಎಂದಳು. ಮಾಸ್ತರು ಒಪ್ಪಲಿಲ್ಲ, ಮಂಗಲ ಬಿಡಲಿಲ್ಲ. ಮೂರು ಸಲ ಪಟ್ಟಿ ಅಳಿಸಿ ಬರೆಯುವಷ್ಟರಲ್ಲಿ ನಾಲ್ಕು ಗಂಟೆ ಹೊಡೆಯಿತು. ವೃಷಭನ ಹೊಟ್ಟೆಯಲ್ಲಿ ಕಾಳವ್ವ ಕೊಟ್ಟ ಹಿಡಿ ಶೇಂಗಾ ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ವಿರುಪಾಕ್ಷಪ್ಪನವರ ಫೋನು.

"ವೃಷಭ, ನನ್ನ ಹೆಸರು ಎರಡನೇದೈತಲ್ಲ?"

"ಐತ್ರಿ ಸರ್... ಸ್ವಲ್ಪ ಕೆಳಗ. ಮಂಗಲ ಅವರ ಕೆಳಗ."

"ಮಂಗಲ ಯಾರು? ಯಾವ ವಿಭಾಗ?"

ಮಂಗಲ ಫೋನಿಗೆ ಬಾಯಿ ಹಚ್ಚಿದಳು. "ನಮಸ್ಕಾರ್ರಿ ಸಾಹೇಬ್ರ! ನೀವು ನನಗಿಂತ ಎರಡ ವರ್ಷ ಸಣ್ಣವರಂತ!"

ಫೋನು ತಾನಾಗಿಯೇ ಕಟ್ಟಾಯಿತು.

ನಾಲ್ಕು ಐವತ್ತಕ್ಕೆ ಕಾಳವ್ವ ಸಹಿ ಹಾಕಿದಳು. ಒಂದೊಂದು ಅಕ್ಷರವನ್ನೂ ಕುಂಕುಮ ಇಟ್ಟಂತೆ ಇಟ್ಟಳು. ಸದ್ಯ ಕಳಿಸಿಬಿಡುತ್ತೇನೆ, ಹೆಸರುಗಳನ್ನು ನಾಳೆ ಸರಿಪಡಿಸಿಕೊಂಡರಾಯಿತು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ವೃಷಭ ಗುಂಡಿ ಒತ್ತಿದ. ಹೊಲದ ಮೂವತ್ತಾರು ಹೆಂಗಸರು, ಮೌಲಾಲಿ, ಪಟ್ಟಿ ತಿದ್ದಿದ ತಪ್ಪಿಗೆ ಮಾಸ್ತರು, ಮುಖ್ಯಸ್ಥರು, ಕಟ್ಟಕಡೆಗೆ ವೃಷಭ. ಒಟ್ಟು ನಲವತ್ತು ಹೆಸರು. ಮರುದಿನ ಪತ್ರಿಕೆಗೆ ಬರೆದು ಕೇಳಿದರೆ ಉತ್ತರ ಬಂತು: ಹೆಸರಿನ ಕ್ರಮ ಬದಲಿಸಲು ಎಲ್ಲ ನಲವತ್ತು ಲೇಖಕರ ಸಹಿ ಬೇಕು. ವೃಷಭ ಆ ಪತ್ರ ಓದಿ, ಒಂದು ತಂಬಿಗೆ ನೀರು ಕುಡಿದು ಸುಮ್ಮನಾದ.

ಪ್ರಬಂಧ ಅಚ್ಚಾಯಿತು. ಆಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ತಂಬಾಕು ಬೆಳೆಯುವ ದೇಶಗಳಿಂದೆಲ್ಲ ಉಲ್ಲೇಖಗಳು ಬರತೊಡಗಿದವು. ಹತ್ತು, ನಲವತ್ತು, ಎರಡು ವರ್ಷ ತುಂಬುವಷ್ಟರಲ್ಲಿ ನೂರಾ ಹನ್ನೆರಡು. ಎಲ್ಲೆಲ್ಲೂ ಒಂದೇ ಹೆಸರು: 'ಕಾಳವ್ವ ಮತ್ತು ಇತರರು'. ನಲವತ್ತು ಹೆಸರನ್ನು ಯಾರು ಬರೆಯುತ್ತಾರೆ? ಮೊದಲನೆಯದನ್ನು ಬರೆದು ಉಳಿದವರನ್ನು ಇತರರು ಎನ್ನುವುದೇ ಲೋಕದ ರೂಢಿ. ವೃಷಭ ಜಗತ್ತಿನ ತುಂಬ ಪ್ರಸಿದ್ಧನಾದ, ಇತರರಲ್ಲಿ ಒಬ್ಬನಾಗಿ.

ಬಡ್ತಿಯ ಸಂದರ್ಶನಕ್ಕೆ ಮೈಸೂರು ಕಡೆಯಿಂದ ಹಿರಿಯ ತಜ್ಞೆಯೊಬ್ಬರು ಬಂದಿದ್ದರು. ಕಡತ ತಿರುವಿ, "ಮೂರು ಪ್ರಬಂಧ, ಎರಡು ಉಲ್ಲೇಖ. ಸಾಲದಲ್ಲ?" ಎಂದರು.

"ಮೇಡಂ, ಇನ್ನೊಂದಿದೆ. ಕಾಳವ್ವ ಮತ್ತು ಇತರರು. ಅದರಲ್ಲಿ ಕೊನೆಯ ಹೆಸರು ನನ್ನದು."

ತಜ್ಞೆ ಕುರ್ಚಿಯಲ್ಲಿ ನೆಟ್ಟಗಾದರು. "ಕಾಳವ್ವನವರ ಕೈಕೆಳಗೆ ಕೆಲಸ ಮಾಡಿದ್ದೀರಾ? ನಾನೇ ಅವರನ್ನು ನಾಲ್ಕು ಸಲ ಉಲ್ಲೇಖಿಸಿದ್ದೇನೆ! ಈಗೆಲ್ಲಿದ್ದಾರೆ?"

"ಹೊಲದಲ್ಲಿದ್ದಾರೆ ಮೇಡಂ. ದಿನಾ ಹೋಗ್ತಾರೆ."

"ನೋಡಿ! ಅಷ್ಟು ದೊಡ್ಡವರು ಇನ್ನೂ ಹೊಲದಲ್ಲಿ ನಿಂತು ಕೆಲಸ ಮಾಡ್ತಾರೆ. ನಾವು ಇಲ್ಲಿ ಫ್ಯಾನಿನ ಕೆಳಗೆ ಕೂತಿದ್ದೇವೆ." ಅವರು ಮಂಡಳಿಯತ್ತ ತಿರುಗಿದರು. "ಅವರು ನಿಮ್ಮ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ನಿಯಮ ಸಡಿಲಿಸಬಹುದು. ಎಂಟು ದಿನ ಟೈಮ್ ಕೊಡ್ತೀವಿ."

ವೃಷಭನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಾಳವ್ವ ಆಯಿ ತನಗೆ ನಾಲ್ಕು ಸಾಲು ಕೊಡಲಾರಳೇ? ಹೊಲಕ್ಕೆ ಹೋದಾಗ ಒಂಬತ್ತು ಗಂಟೆ, ಇಬ್ಬನಿ ಆರಿತ್ತು. ಹೆಂಗಸರು ನಗುತ್ತ ಆಗಷ್ಟೇ ಸಾಲಿಗೆ ಇಳಿಯುತ್ತಿದ್ದರು. ಪ್ರಬಂಧದ ಸುದ್ದಿ ಹರಡಿದ ಮೇಲೆ ಹೊಲದ ಮಾಲಕರು ಅದಕ್ಕೂ ಮೊದಲು ಕೆಲಸಕ್ಕೆ ಕರೆಯುವುದನ್ನು ಬಿಟ್ಟಿದ್ದರು. ಆ ಹಂಗಾಮಿನಲ್ಲಿ ಒಬ್ಬರೂ ವಾಂತಿ ಮಾಡಿಕೊಂಡು ಮಲಗಿರಲಿಲ್ಲ. ಅದನ್ನು ಕಂಡು ವೃಷಭನಿಗೆ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು, ಅಷ್ಟು ಸಂತೋಷ. ಆಮೇಲೆ ಸಂಗತಿ ಹೇಳಿದ.

"ಬಡ್ತಿ ಆದ್ರ ಏನ ಆಗತೈತೋ ತಮ್ಮಾ?" ಎಂದು ಕಾಳವ್ವ ಕೇಳಿದಳು.

"ಬ್ಯಾರೆ ಖೋಲಿ ಕೊಡ್ತಾರ್ರಿ ಆಯಿ. ಮೀಟಿಂಗ್, ಕಡತ ಇರ್ತಾವ. ದೊಡ್ಡ ಜವಾಬ್ದಾರಿ."

ಕಾಳವ್ವ ಅವನ ಮುಖ ನೋಡಿದಳು, ಆಮೇಲೆ ಹೊಲದ ಸಾಲು ನೋಡಿದಳು. "ಆತು. ಮಾಸ್ತರ ಕಡೆ ಬರಸ್ತೀನಿ."

ಬಾಪುಸಾಹೇಬರು ಪತ್ರ ಬರೆದು, ಕಾಳವ್ವನ ಸಹಿ ಹಾಕಿಸಿ, ಪಾಕೀಟಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಅಂಟಿಸಿ ಕೊಟ್ಟರು. ಶುಭಪತ್ರ, ಒಡೆಯಬಾರದು ಎಂದರು. ವೃಷಭ ಒಡೆಯಲಿಲ್ಲ.

ಸಮಿತಿಯ ಮುಂದೆ ತಜ್ಞೆ ಪಾಕೀಟು ತೆರೆದು ಗಟ್ಟಿಯಾಗಿ ಓದಿದರು:

"ಹುಡುಗ ಬಂಗಾರದಂಥಾವ. ಮೂರು ವರ್ಷ ನಮ್ಮ ಸಂಗಾಟ ಬಿಸಿಲಾಗ ಕುಂತಾನ, ನಾವು ಹೇಳಿದ್ದು ಕೇಳ್ಯಾನ. ಇಂಥಾವ ಮತ್ತೊಬ್ಬ ನಮಗ ಸಿಗೂದಿಲ್ಲ. ಅದಕ್ಕ ಕೈ ಮುಗದ ಕೇಳ್ತೀವಿ, ಇವನ್ನ ಮ್ಯಾಲ ಏರಸಬ್ಯಾಡ್ರಿ. ಏರಿದವರು ಹೊಲಕ್ಕ ಬಂದದ್ದ ನಾವು ನೋಡಿಲ್ಲ. ಬೀಡಿ ಕಟ್ಟೂ ಹೆಣ್ಣಮಕ್ಕಳಿಗೆ ಕೆಮ್ಮ ಹತ್ತೇತಿ, ಅದನ್ನ ಇನ್ನೂ ನೋಡೂದೈತಿ."

ವಿರುಪಾಕ್ಷಪ್ಪನವರು ಫ್ಯಾನ್ ನೋಡಿದರು. ತಜ್ಞೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥ ವಿಜ್ಞಾನಿ!" ಎಂದರು. "ಅವರ ಮಾತು ಮೀರುವುದು ನಮ್ಮಿಂದಾಗದು." ಸಮಿತಿ ಸರ್ವಾನುಮತದಿಂದ ಪ್ರಧಾನ ಸಂಶೋಧಕಿಯ ಅಭಿಪ್ರಾಯವನ್ನು ಗೌರವಿಸಿತು.

ವೃಷಭ ಹೊರಗೆ ಬಂದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂಗಾರದಂಥವನು ಎಂದು ಅವನ ಬಗ್ಗೆ ಇದುವರೆಗೆ ಯಾರೂ ಬರೆದು ಕೊಟ್ಟಿರಲಿಲ್ಲ. ಗೇಟಿನ ಹತ್ತಿರ ಟಂಟಂ ನಿಲ್ಲಿಸಿಕೊಂಡು ಮೌಲಾಲಿ ಕಾಯುತ್ತಿದ್ದ.

"ಏನಾತ್ರಿ ಡಾಕ್ಟರ್ರ?"

ವೃಷಭ ಗಾಡಿ ಹತ್ತಿ ಅವನ ಪಕ್ಕ ಕೂತ. "ನಡಿ ಮೌಲಾಲಿ. ಬೀಡಿ ಕಟ್ಟೂ ಓಣಿ ಯಾವ ಕಡೆ ಐತಿ?"