ಎರಡು ಸಾವಿರ ವರ್ಷದ ಬನಿಯನ್

“ಇವತ್ತು ಬೆಳಗ್ಗೆಯಿಂದ ಸಂಜೆ ತನಕ ನನ್ನ ಬಾಯಿಂದ ಗಾಳಿ, ಬೆವರು, ಶೀತ, ಈ ಮೂರರಲ್ಲಿ ಒಂದೇ ಒಂದು ಮಾತು ಬಂದ್ರೆ ಕೇಳು!”

ಅಡುಗೆಮನೆಯ ನಡುವೆ ನಿಂತು, ಬೆಣ್ಣೆ ಸವರುವ ಚಾಕುವನ್ನು ಖಡ್ಗದಂತೆ ಮೇಲೆತ್ತಿ ಲವೀನಿಯಾ ಹೀಗೆ ಶಪಥ ಮಾಡಿದಾಗ ಒಲೆಯ ಮೇಲಿದ್ದ ಕಾಫಿ ಪಾತ್ರೆ ಬುಸ್ಸೆಂದಿತು. ಗಂಡ ಫುಲ್ವಿಯೊ ಬುಸ್ಸೆನ್ನಲಿಲ್ಲ. ಅವನು ಅನುಭವಸ್ಥ. ಬ್ರೆಡ್ಡಿನ ನಡುವೆ ಆಮ್ಲೆಟ್ ಇಟ್ಟು ಕಾಗದ ಸುತ್ತುತ್ತ, “ಕೇಳೋದಕ್ಕೆ ಅಮ್ಮ ಬರ್ತಾಳಲ್ಲ” ಎಂದಷ್ಟೇ ಅಂದ.

ಅದೇ ತಾನೇ ತೊಂದರೆ!

ರೋಮ್ ನಗರದ ಗರ್ಬತೆಲ್ಲಾ ಬಡಾವಣೆಯಲ್ಲಿ ಲವೀನಿಯಾಳ ಕೀರ್ತಿ ಸಣ್ಣದಲ್ಲ. ಮಗಳು ಒಟ್ಟಾವಿಯಾ ಹುಟ್ಟಿದ ಈ ನಾಲ್ಕು ವರ್ಷಗಳಲ್ಲಿ ಆ ಮನೆಯ ಎದುರುಬದುರು ಕಿಟಕಿಗಳು ಒಟ್ಟಿಗೆ ತೆರೆದದ್ದು ಒಂದೇ ಸಲ. ತೆರೆದವನು ಗೋಡೆಗೆ ಬಣ್ಣ ಬಳಿಯಲು ಬಂದವನು. ಅವನನ್ನು ಅರ್ಧ ಗೋಡೆಗೇ ಮನೆಗೆ ಕಳಿಸಲಾಯಿತು. ಉಳಿದರ್ಧ ಇವತ್ತಿಗೂ ಅವನಿಗಾಗಿ ಕಾಯುತ್ತಿದೆ. ಹಾಗೆಂದು ಲವೀನಿಯಾ ಓದದವಳಲ್ಲ. ಮಕ್ಕಳ ಆರೋಗ್ಯದ ಬಗ್ಗೆ ದಪ್ಪದಪ್ಪ ಪುಸ್ತಕ ಆರು ಓದಿದ್ದಳು. ಗಾಳಿ ತಾಗಿದ ಮಾತ್ರಕ್ಕೆ ಶೀತವಾಗುವುದಿಲ್ಲ ಎಂದು ಆರೂ ಪುಸ್ತಕ ಒಂದೇ ಕಂಠದಿಂದ ಸಾರಿದ್ದವು. ಬರೆದವರಿಗೆ ಮಕ್ಕಳಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಶಪಥದ ಮೂಲ ಹಿಂದಿನ ಭಾನುವಾರದ ಊಟದ ಮೇಜು. ಅತ್ತೆ ಎರ್ಸೀಲಿಯಾ ಆರ್ಟಿಚೋಕ್ ತರಕಾರಿಯ ಎಸಳು ಬಿಡಿಸುತ್ತ ಅಂದಿದ್ದರು, “ಲವೀನಿಯಾ, ನಿನ್ನ ಬಾಯಿ ರೇಡಿಯೋ ಇದ್ದ ಹಾಗೆ. ಇಡೀ ದಿನ ಹವಾಮಾನ ವರದಿ. ಗಾಳಿ, ಬೆವರು, ಶೀತ! ಮಗು ತಲೆ ಚಿಟ್ಟು ಹಿಡಿಯುತ್ತೆ. ಬರೋ ಶನಿವಾರ ಚರ್ಚಿನವರು ಒಸ್ತಿಯಾದಲ್ಲಿರೋ ಹಳೇ ರೋಮನ್ನರ ಹಾಳೂರಿಗೆ ಪ್ರವಾಸ ಕರ್ಕೊಂಡು ಹೋಗ್ತಿದ್ದಾರೆ. ಅವತ್ತೊಂದು ದಿನ ಈ ಮೂರು ಮಾತಾಡದೆ ಇದ್ದುಬಿಡು, ಆಗಸ್ಟಿನಲ್ಲಿ ನೀವು ಮೂರೇ ಜನ ಸಮುದ್ರಕ್ಕೆ ಹೋಗಿ. ಆಡಿದ್ಯೋ, ನಾನೂ ಬರ್ತೀನಿ.”

ಆಗಸ್ಟ್! ಮೂವತ್ತೊಂದು ದಿನ! ಎರಡು ಕೋಣೆಯ ಬಾಡಿಗೆ ಮನೆ, ಒಂದು ಬಚ್ಚಲು, ಒಬ್ಬರು ಅತ್ತೆ! ಪಾಸ್ತಾ ಎಷ್ಟು ನಿಮಿಷ ಬೇಯಬೇಕು ಎಂಬುದರಿಂದ ಹಿಡಿದು ಸೊಸೆ ಯಾವ ಬಣ್ಣದ ಈಜುಡುಗೆ ತೊಡಬೇಕು ಎಂಬುದರವರೆಗೆ ಅವರ ಅಭಿಪ್ರಾಯಗಳು ಸೂರ್ಯೋದಯಕ್ಕೆ ಮುಂಚೆಯೇ ಏಳುತ್ತಿದ್ದವು. ನಾಲ್ಕು ಆಗಸ್ಟ್ ಹಾಗೇ ಕಳೆದಿದ್ದವು. ಐದನೆಯದನ್ನು ಗೆಲ್ಲಲು ಲವೀನಿಯಾ ಮೂರು ಮಾತೇನು, ಇಡೀ ನಿಘಂಟನ್ನೇ ನುಂಗಲು ಸಿದ್ಧಳಿದ್ದಳು.

ಆದರೂ ಹೊರಡುವ ಮುನ್ನ, ಯಾರೂ ನೋಡದಾಗ, ಆಮ್ಲೆಟ್ ಪೊಟ್ಟಣಗಳ ಕೆಳಗೆ ಮಗಳದೊಂದು ಒಣ ಬನಿಯನ್ ಮತ್ತು ಚಿಕ್ಕ ಟವೆಲ್ ಸೇರಿಸಿದಳು. ಬಟ್ಟೆ ಮಾತಾಡುವುದಿಲ್ಲವಲ್ಲ!

ರೈಲು ಇಳಿದು, ಸೇತುವೆ ದಾಟಿ, ಹಾಳೂರಿನ ಬಾಗಿಲು ತಲುಪಿದಾಗ ಮೂವತ್ತೆರಡು ಜನರ ತಂಡ. ಮಾರ್ಗದರ್ಶಿ ಪ್ರೊಫೆಸರ್ ಸೆತ್ತೀಮಿಯೊ. ನಲವತ್ತು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು, ಜೀವಂತ ಮನುಷ್ಯರಿಗಿಂತ ಸತ್ತವರ ಜೊತೆ ಹೆಚ್ಚು ಸಲಿಗೆ. ಕನ್ನಡಕದ ಗಾಜಿನ ಮೇಲೂ ಸಾಮ್ರಾಜ್ಯದ ಕಾಲದ ಧೂಳು.

“ಬನ್ನಿ, ಬನ್ನಿ! ಇದು ಸತ್ತ ಊರಲ್ಲ, ಮಲಗಿರೋ ಊರು!” ಎಂದು ಅವರು ಛತ್ರಿ ಎತ್ತಿ ನಡೆದರು. ಒಟ್ಟಾವಿಯಾ ಅವರನ್ನೂ ದಾಟಿ ಓಡಿದಳು.

ನಾಲ್ಕು ವರ್ಷದ ಮಗುವಿಗೆ ಪ್ರಾಚೀನ ರಂಗಮಂದಿರವೆಂದರೆ ಏನು? ಮೆಟ್ಟಿಲು! ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಪ್ರೊಫೆಸರರು ನಾಟಕದ ಚರಿತ್ರೆ ಹೇಳಿ ಮುಗಿಸುವುದರೊಳಗೆ ಒಟ್ಟಾವಿಯಾ ಹದಿಮೂರು ಸಲ ಹತ್ತಿ ಇಳಿದಿದ್ದಳು. ಲೆಕ್ಕ ಇಟ್ಟವಳು ಲವೀನಿಯಾ. ಪೈನ್ ಮರಗಳ ತುದಿ ಆಗಲೇ ಮೆಲ್ಲಗೆ ತೂಗತೊಡಗಿತ್ತು. ಸಮುದ್ರದ ಕಡೆಯಿಂದ ಅದು, ಹೆಸರು ಹೇಳಬಾರದ್ದು, ಬರುತ್ತಿತ್ತು.

“ಪುಟ್ಟೀ, ವಾತಾವರಣ ಸ್ವಲ್ಪ... ಅಲ್ಲಾಡ್ತಾ ಇದೆ. ಬಾ ಕೂತ್ಕೋ.”

ಅತ್ತೆಯ ಎಡಹುಬ್ಬು ಮೇಲೇರಿತು. “ಏನು ಅಲ್ಲಾಡ್ತಾ ಇದೆ?”

“ಮರ, ಅತ್ತೆ. ಮರ ಎಷ್ಟು ಚೆನ್ನಾಗಿ ಅಲ್ಲಾಡ್ತಾ ಇದೆ ನೋಡಿ!”

“ಹ್ಞಾ. ನೋಡು, ನೋಡು.”

ಅಲ್ಲಿಂದ ಸ್ನಾನಗೃಹ. ಬಿಸಿನೀರಿನ ಕೋಣೆಯಿಂದ ಎದ್ದ ರೋಮನ್ನರು ನೇರವಾಗಿ ತಣ್ಣೀರಿನ ಕೊಳಕ್ಕೆ ಧುಮುಕುತ್ತಿದ್ದರು ಎಂದು ಪ್ರೊಫೆಸರರು ಹೆಮ್ಮೆಯಿಂದ ಹೇಳಿದಾಗ ಲವೀನಿಯಾಳ ಬೆನ್ನಹುರಿ ಜುಮ್ಮೆಂದಿತು. ಅಲ್ಲಿಂದ ಸಾರ್ವಜನಿಕ ಶೌಚಾಲಯ: ಸಾಲಾಗಿ ಅಮೃತಶಿಲೆಯ ಆಸನಗಳು, ಮೇಲೆ ಸೂರಿಲ್ಲ, ನಡುವೆ ಗೋಡೆಯಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಬರಿಯ ಕುಂಡೆ ಊರಿ, ತುಂಡು ಅಂಗಿಯಲ್ಲಿ ಮಂಡಿ ಬಿಟ್ಟುಕೊಂಡು ಹರಟುತ್ತ ಕೂತಿದ್ದವರ ಸಾಮ್ರಾಜ್ಯ ಬೀಳದೆ ಇನ್ನೇನಾದೀತು? ಕಾಡುಜನರು ದಂಡೆತ್ತಿ ಬಂದರಂತೆ! ಬರುವ ಹೊತ್ತಿಗೆ ಒಳಗಿದ್ದವರೆಲ್ಲ ಸೀನುತ್ತ ಮಲಗಿದ್ದಿರಬೇಕು! ಈ ಸಂಶೋಧನೆಯನ್ನು ಪ್ರಕಟಿಸುವ ಭಾಗ್ಯ ಮಾತ್ರ ಲವೀನಿಯಾಗಿರಲಿಲ್ಲ, ಶಪಥ ಅಡ್ಡ ಬಂತು.

ಅಷ್ಟರಲ್ಲಿ ಮಗಳು ಬಂದು ಅವಳ ಕಾಲು ತಬ್ಬಿದಳು. ಲವೀನಿಯಾ ಅಭ್ಯಾಸಬಲದಿಂದ ಮಗುವಿನ ಕತ್ತಿನ ಹಿಂದಿನಿಂದ ಬೆನ್ನಿಗೆ ಕೈ ಇಳಿಸಿದಳು. ಒದ್ದೆ! ತೊಟ್ಟಿಕ್ಕುವಷ್ಟು ಒದ್ದೆ! ಮೇಲಿಂದ ಆ ಹೆಸರು ಹೇಳಬಾರದ್ದು ಭರ್ರೆಂದು ಬೀಸುತ್ತಿದೆ!

“ಫುಲ್ವಿಯೊ,” ಅವಳು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು, “ಮಗು... ಅದು ಆಗಿದೆ.”

“ಉಚ್ಚೆ ಮಾಡ್ಕೊಂಡ್ಳಾ? ಪರವಾಗಿಲ್ಲ, ಶೌಚಾಲಯದಲ್ಲೇ ಇದೀವಿ.”

“ಅಯ್ಯೋ, ಅದಲ್ಲ! ಆ ಇನ್ನೊಂದು! ಎರಡನೇ ಮಾತು!”

“ಓ. ಹಾಗಾದ್ರೆ ಆಗಸ್ಟ್ ನೆನೆಸ್ಕೋ” ಎಂದು ಅವನು ಆಕಾಶ ನೋಡಿದ. ಗಂಡಸರಿಗೆ ಆಕಾಶ ಸದಾ ಇಂಥ ಹೊತ್ತಿನಲ್ಲೇ ಸುಂದರವಾಗಿ ಕಾಣುತ್ತದೆ.

ತಂಡ ಒಂದು ಮೊಸಾಯಿಕ್ ನೆಲದ ಸುತ್ತ ನೆರೆದಾಗ ಲವೀನಿಯಾ ಮಗಳ ಕೈ ಹಿಡಿದು, ಪಕ್ಕದ ಓಣಿಯಲ್ಲಿ ನಾಲ್ಕು ಮೋಟುಗೋಡೆಗಳ ಒಂದು ಪಾಳು ಕಟ್ಟಡದೊಳಕ್ಕೆ ನುಸುಳಿದಳು. ಒಳಗೆ ಕಲ್ಲಿನ ತೊಟ್ಟಿಗಳ ಸಾಲು. ಒಂದು ನಿಮಿಷದ ಕೆಲಸ! ಒದ್ದೆ ಬನಿಯನ್ ಕಳಚಿದಳು. ಹಿಂಡಿ, ಬಿಸಿಲು ಬಿದ್ದಿದ್ದ ಗೋಡೆಯ ಮೇಲೆ ಹರವಿದಳು. ಒಣಗಲಿ, ಸಂಜೆಗೆ ಇನ್ನೊಂದು ಸಲ ಬೇಕಾದೀತು! ಟವೆಲ್ಲಿನಿಂದ ಬೆನ್ನು ಒರೆಸುತ್ತಿದ್ದಂತೆ ಹೊರಗಿನಿಂದ ಛತ್ರಿಯ ಟಕ್ ಟಕ್ ಕೇಳಿಸಿತು.

“ಬನ್ನಿ, ಈಗ ನಿಮಗೆ ಅಗಸರ ಅಂಗಡಿ ತೋರಿಸ್ತೀನಿ!”

ಅವಳು ಯೋಚಿಸಿದ್ದರೆ ಅಲ್ಲಿಯೇ ನಿಂತಿರುತ್ತಿದ್ದಳು. ಯೋಚಿಸಲು ಪುರುಸೊತ್ತೆಲ್ಲಿ? ಅರೆಬೆತ್ತಲೆ ಮಗುವನ್ನು ಬಾಚಿ ತಬ್ಬಿ ಮೂಲೆಯ ತೊಟ್ಟಿಯೊಳಗೆ ಕುಕ್ಕರಿಸಿಬಿಟ್ಟಳು. ಗೋಡೆಯ ಮೇಲೆ ಬನಿಯನ್ ಮಾತ್ರ ಸಾಮ್ರಾಜ್ಯದ ಬಾವುಟದಂತೆ ಉಳಿಯಿತು.

ತಂಡ ಒಳಗೆ ಬಂತು. ಹಿಂದೆಯೇ ದಾರಿ ತಪ್ಪಿದ ಹತ್ತಾರು ವಿದೇಶಿ ಪ್ರವಾಸಿಗಳೂ ಬಂದರು. ಪ್ರೊಫೆಸರರ ಧೂಳುಗಣ್ಣು ಬನಿಯನ್ ಮೇಲೆ ಬಿತ್ತು. ಒಂದು ಕ್ಷಣ ತಡವರಿಸಿದರು. ಆದರೆ ನಲವತ್ತು ವರ್ಷದ ಮೇಷ್ಟರು ತರಗತಿಯ ಎದುರು “ಗೊತ್ತಿಲ್ಲ” ಎಂದಾರೆಯೇ?

“ನೋಡಿ! ಜನಕ್ಕೆ ಅರ್ಥವಾಗಲಿ ಅಂತ ಇಲ್ಲಿಯವರು ಮಾದರಿ ಇಟ್ಟಿದ್ದಾರೆ. ಅಂದಿನ ಮಕ್ಕಳ ಒಳಅಂಗಿ ಹೆಚ್ಚುಕಡಿಮೆ ಹೀಗೇ ಇತ್ತು. ಎರಡು ಸಾವಿರ ವರ್ಷದ ಹಿಂದೆ!”

ವಿದೇಶಿಯರ ಫೋನುಗಳು ಟಕಟಕನೆ ಚಿತ್ರ ತೆಗೆದವು.

“ಸಾಬೂನಿಲ್ಲದ ಕಾಲದಲ್ಲಿ ಬಟ್ಟೆ ಶುಭ್ರ ಮಾಡ್ತಿದ್ದದ್ದು ಹೇಗೆ ಗೊತ್ತೇ?” ಪ್ರೊಫೆಸರರು ದನಿ ಏರಿಸಿದರು. “ಈ ತೊಟ್ಟಿಗಳಲ್ಲಿ ಮೂತ್ರ ತುಂಬ್ತಿದ್ರು! ಊರಿನವರೆಲ್ಲರ ಮೂತ್ರ! ಅದರಲ್ಲಿ ನಿಂತು ಬಟ್ಟೆ ತುಳೀತಿದ್ರು. ವಿಶೇಷವಾಗಿ ಆ ಮೂಲೆಯ ತೊಟ್ಟಿ...”

ಮೂಲೆಯ ತೊಟ್ಟಿಯೊಳಗೆ ಲವೀನಿಯಾಳ ಪ್ರಾಣ ಅಂಗಾಲಿಗೆ ಇಳಿಯಿತು. ಎರಡು ಸಾವಿರ ವರ್ಷದಲ್ಲಿ ಆ ಕ್ರಿಮಿಗಳು ಸತ್ತಿರುತ್ತವೆಯೇ? ಆರು ಪುಸ್ತಕಗಳಲ್ಲಿ ಒಂದೂ ಈ ವಿಷಯ ಹೇಳಿರಲಿಲ್ಲ! ಮಗುವಿನ ಕೈ ಕಲ್ಲಿಗೆ ತಾಗದಂತೆ ಎತ್ತಿ ಹಿಡಿದಳು, ಕಾಲು ಎತ್ತಿ ಹಿಡಿದಳು, ಇನ್ನೆತ್ತಲು ಕೈಗಳಿರಲಿಲ್ಲ.

ಹೊರಗೆ ಎರ್ಸೀಲಿಯಾ ಗೋಡೆಯ ಬಳಿ ಬಂದು ಬನಿಯನ್ನಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಪ್ರೊಫೆಸರೇ, ಆಗಿನ ಕಾಲದಲ್ಲಿ ಶಿಶುವಿಹಾರದವರು ಬಟ್ಟೆ ಮೇಲೆ ಮಗು ಹೆಸರು ಹೊಲಿಸಿ ತನ್ನಿ ಅಂತಿದ್ರಾ?”

“ಅಂದ್ರೆ?”

“ಇಲ್ಲಿ ‘ಒಟ್ಟಾವಿಯಾ’ ಅಂತ ನೀಲಿ ದಾರದಲ್ಲಿ ಹೊಲಿದಿದೆ. ಹೊಲಿದವಳು ನಾನೇ. ನನಗೆ ಅಷ್ಟು ವಯಸ್ಸಾಯ್ತೇನ್ರೀ?”

ಅಷ್ಟರಲ್ಲಿ ಮೂಲೆಯ ತೊಟ್ಟಿಯಿಂದ ಅಶರೀರವಾಣಿಯಾಯಿತು:

“ಅಮ್ಮಾ, ಅಜ್ಜಿಯಿಂದ ಇನ್ನೂ ಎಷ್ಟು ಹೊತ್ತು ಬಚ್ಚಿಟ್ಕೋಬೇಕು?”

ಪೀಪೀ ಎಂದು ಸೀಟಿ ಮೊಳಗಿತು. ಕಾವಲುಗಾರ ರೊಮೋಲೊ, ಬಾಗಿಲು ತುಂಬುವ ಆಳು, ದಾಪುಗಾಲು ಹಾಕುತ್ತ ಬಂದ. “ಸಿನ್ಯೋರಾ! ತೊಟ್ಟಿಯಿಂದ ಹೊರಗೆ ಬನ್ನಿ! ಇದೇನು ನಿಮ್ಮನೆ ಬಚ್ಚಲಾ? ಬನ್ನಿ, ಮಗೂನ ಕರ್ಕೊಂಡು ಇಲ್ಲಿ ಬಾಗಿಲಲ್ಲಿ ನಿಂತ್ಕೊಳ್ಳಿ!”

ಬಾಗಿಲಲ್ಲಿ! ಸಮುದ್ರದಿಂದ ನೇರ ಓಣಿ, ಓಣಿಯಿಂದ ನೇರ ಬಾಗಿಲು! ಲವೀನಿಯಾ ಮಗುವನ್ನು ಎದೆಗವಚಿ ತೊಟ್ಟಿಯಿಂದ ಹೆಣ್ಣುಸಿಂಹದಂತೆ ಎದ್ದು ನಿಂತಳು.

“ಬಾಗಿಲಲ್ಲಾ? ತಲೆ ಸರಿ ಇದೆಯೇನ್ರೀ? ಇಷ್ಟು ಗಾಳಿಲಿ, ಬೆವರು ಆರದ ಮಗೂನ ನಿಲ್ಲಿಸಿದ್ರೆ ಶೀತ ಆಗಲ್ವಾ?”

ಒಂದೇ ಉಸಿರು. ಮೂರೂ ಮಾತು. ಅದೂ ಶಪಥದ ಅನುಕ್ರಮದಲ್ಲಿಯೇ!

ಫುಲ್ವಿಯೊ ಕಣ್ಣು ಮುಚ್ಚಿಕೊಂಡ. ಆಗಸ್ಟ್ ತಿಂಗಳು ಕಣ್ಣೆದುರೇ ಗೋಣು ಚೆಲ್ಲಿತು. ಆದರೆ ರೊಮೋಲೊನ ಮುಖ ಮಾತ್ರ ಬದಲಾಯಿತು. ದಂಡದ ಪುಸ್ತಕ ಹಿಡಿದ ಕೈ ಕೆಳಗಿಳಿಯಿತು.

“ಮಗು ಬೆವತಿದೆಯಾ? ಮೊದಲೇ ಹೇಳಬಾರದಾ ಸಿನ್ಯೋರಾ!” ಎಂದವನೇ ಬಾಗಿಲಿಗೆ ಅಡ್ಡ ನಿಂತು ತನ್ನ ಬೆನ್ನಿನಿಂದ ಗಾಳಿ ತಡೆದ. “ಒರೆಸಿ, ಒರೆಸಿ! ಕತ್ತು ಒರೆಸಿ! ಆಮೇಲೆ ಬೈತೀನಿ.”

ಚರ್ಚಿನ ಹೆಂಗಸರು ಸುತ್ತುವರಿದರು. ಬನಿಯನ್ ಕೈಯಿಂದ ಕೈಗೆ ಹೋಯಿತು.

“ಇದು ಹತ್ತಿಯದಲ್ಲವೇನ್ರೀ?”

“ಮೇ ತಿಂಗಳಲ್ಲೇ ಹತ್ತಿಯದಾ! ಜೂನ್ ತನಕ ಉಣ್ಣೆಯದೇ ಹಾಕಬೇಕಲ್ವಾ! ದೇವರೇ!”

“ಗೋಡೆ ಮೇಲೆ ಹಾಕಿದ್ದಕ್ಕೆ ದಂಡ ಹಾಕೋಲ್ಲ” ಎಂದ ರೊಮೋಲೊ ಬೇಸರದಿಂದ, “ಹತ್ತಿಯದು ಹಾಕಿದ್ದಕ್ಕೆ ಹಾಕಬೇಕು.”

ಎರ್ಸೀಲಿಯಾ ಜನ ಸರಿಸಿಕೊಂಡು ಮುಂದೆ ಬಂದರು. ಲವೀನಿಯಾ ತಲೆ ತಗ್ಗಿಸಿದಳು.

“ಸೋತೆ, ಅತ್ತೆ.”

“ಸೋಲೋದ್ರಲ್ಲೂ ಒಂದು ಮಿತಿ ಬೇಡವೇನೇ? ಒಂದೊಂದಾಗಿ ಸೋತಿದ್ರೆ ಸಂಜೆ ತನಕ ಬರ್ತಿತ್ತು. ಇರಲಿ. ಬನೀನು ಬದಲಾಯಿಸೋಕೆ ಕಳ್ಳಿ ಹಾಗೆ ಯಾಕೆ ಬಂದೆ?”

“ನೀವೇ ಹೇಳಿದ್ರಲ್ಲ...”

“ನಾನು ಬಾಯಿ ಮುಚ್ಕೋ ಅಂದೆ. ಬ್ಯಾಗು ಮುಚ್ಕೋ ಅಂದ್ನಾ?”

ಹಾಗೆಂದು ಅವರು ತಮ್ಮ ಕೈಚೀಲದ ಬಾಯಿ ಬಿಚ್ಚಿದರು. ಒಳಗೆ ಇಸ್ತ್ರಿ ಮಾಡಿ ಮಡಿಸಿದ ಉಣ್ಣೆಯ ಬನಿಯನ್‌ಗಳು! ರೊಮೋಲೊ ತನಗರಿವಿಲ್ಲದೆಯೇ ಟೋಪಿ ತೆಗೆದ. ಮೊದಲನೆಯದು ಮೊಮ್ಮಗಳಿಗೆ. ಎರಡನೆಯದನ್ನು ಹೊರತೆಗೆದದ್ದೇ ತಡ, ಮೂವತ್ತೇಳು ವರ್ಷದ ಫುಲ್ವಿಯೊ, ಬ್ಯಾಂಕಿನಲ್ಲಿ ಒಂಬತ್ತು ಜನರ ಮೇಲಧಿಕಾರಿ, ಯಾರೂ ಹೇಳದೆಯೇ ಎರಡೂ ಕೈ ಮೇಲೆತ್ತಿ ನಿಂತ.

ಮೂರನೆಯದು ದೊಡ್ಡದಿತ್ತು.

“ತಿರುಗು” ಎಂದರು ಎರ್ಸೀಲಿಯಾ.

“ಯಾರು?”

“ನೀನೇ. ಅಷ್ಟು ಹೊತ್ತು ಹೆದರಿ ತೊಟ್ಟಿಲಿ ಕೂತು ನೀರಾಗಿ ಹೋಗಿದ್ದೀಯ.”

“ಅತ್ತೆ, ನಾನೇನು ಮಗುವಾ?”

“ತಿರುಗು ಅಂದೆ.”

ಚರ್ಚಿನ ಹೆಂಗಸರು ಶಾಲುಗಳನ್ನು ಹಿಡಿದು ಪರದೆ ಕಟ್ಟಿದರು. ಪ್ರೊಫೆಸರರು ಗೋಡೆಯ ಕಡೆ ಮುಖ ಮಾಡಿ ಲ್ಯಾಟಿನ್ನಿನಲ್ಲಿ ಏನೋ ಗೊಣಗಿದರು. ವಿದೇಶಿಯರು ಇದೂ ಪ್ರವಾಸದ ಟಿಕೆಟ್ಟಿಗೆ ಸೇರಿದ್ದೆಂದು ತಿಳಿದು ಶಾಲುಗಳ ಚಿತ್ರ ತೆಗೆದರು. ಒಳಗೆ ಎರ್ಸೀಲಿಯಾ ಸೊಸೆಯ ಬೆನ್ನನ್ನು ಪಾತ್ರೆ ಉಜ್ಜಿದಂತೆ ಉಜ್ಜಿ ಒರೆಸಿ, ಉಣ್ಣೆಯ ಬನಿಯನ್ ತೊಡಿಸಿ, ಅಂಚನ್ನು ಜಗ್ಗಿ ಸೊಂಟದೊಳಕ್ಕೆ ಸಿಕ್ಕಿಸಿದರು.

“ಆಗಸ್ಟಿಗೆ ನಾನು ಬರ್ತೀನಿ. ಮಗೂನ ನೋಡ್ಕೊಳ್ಳೋಕೆ ನೀನಿದ್ದೀಯ. ನಿನ್ನ ನೋಡ್ಕೊಳ್ಳೋಕೆ ಒಬ್ಬರು ಬೇಡವೇ?”

ಸ್ವಾತಂತ್ರ್ಯ, ಸ್ವಾಭಿಮಾನ, ಆರು ಪುಸ್ತಕಗಳ ವಿಜ್ಞಾನ, ಎಲ್ಲವೂ ಲವೀನಿಯಾಳ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ತಕ್ಕ ಉತ್ತರ ಕೊಡಲೆಂದೇ ಅವಳು ಬಾಯಿ ತೆರೆದಳು. ಆದರೆ ಬೆನ್ನು ಒಣಗಿತ್ತು. ಬೆಚ್ಚಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಗಾಳಿ ಬೀಸಿದರೂ ಅವಳಿಗೆ ಭಯವಾಗಲಿಲ್ಲ.

“ಅತ್ತೆ...” ಎಂದಳು ಮೆಲ್ಲಗೆ, ಶಾಲಿನ ಆಚೆಗೆ ಕೇಳದ ಹಾಗೆ, “ಆಗಸ್ಟಿಗೆ ಇಂಥವು ನನಗೆ ಎಷ್ಟು ತರ್ತೀರಿ?”